ಮೊಲದ ಹೊಟ್ಟೆಗೆ ಹೊಟ್ಟು

ಮೊಲ ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತದೆ ಎಂದು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗರು ಮೂಗು ಮುಚ್ಚಿಕೊಂಡು ನಗುತ್ತಾರೆ. ಸಾಕುವವರಲ್ಲೂ ಕೆಲವರು ಇದನ್ನು ರೋಗವೆಂದು ಬಗೆದು ಔಷಧಿ ಹುಡುಕುವುದುಂಟು. ರೋಗವಲ್ಲ, ಅದು ಬದುಕುವ ರೀತಿಯೇ ಹಾಗೆ. (ಇಲ್ಲಿ ಹೇಳುತ್ತಿರುವುದು ಗೂಡಿನ ಮೊಲದ ಮಾತು. ಚಿಂಚೋಳಿ ಕಾಡಿನ ಮೊಲ ಬೇರೆಯೇ ಜಾತಿ. 1972ರ ವನ್ಯಜೀವಿ ಕಾಯ್ದೆ ಅದನ್ನು ಕಾಯುತ್ತದೆ, ಹಿಡಿದು ಸಾಕುವಂತಿಲ್ಲ.)

ಹಸುವಿನ ಹೊಟ್ಟೆಯಲ್ಲಿ ಮೇವು ಹುದುಗುವ ತೊಟ್ಟಿ ಮುಂದಿದ್ದರೆ ಮೊಲದಲ್ಲಿ ಅದು ಹಿಂದಿದೆ. ಸಣ್ಣ ಕರುಳು ಮುಗಿದ ಮೇಲೆ ಬರುವ ಕುರುಡು ಕರುಳೆಂಬ ಚೀಲವೇ ಆ ತೊಟ್ಟಿ. ಜೀರ್ಣಾಂಗದ ಒಟ್ಟು ಗಾತ್ರದಲ್ಲಿ ಸುಮಾರು ಶೇ. 40 ಇದರದೇ. ಇಲ್ಲಿ ಸೂಕ್ಷ್ಮಜೀವಿಗಳು ಪ್ರೋಟೀನು, 'ಬಿ' ಗುಂಪಿನ ಜೀವಸತ್ವಗಳನ್ನು ತಯಾರಿಸುತ್ತವೆ. ಆದರೆ ಅವನ್ನು ಹೀರಿಕೊಳ್ಳಬೇಕಾದ ಸಣ್ಣ ಕರುಳು ಹಿಂದೆಯೇ ಉಳಿಯಿತಲ್ಲ! ಆದ್ದರಿಂದ ಮೊಲ ದ್ರಾಕ್ಷಿ ಗೊಂಚಲಿನಂತಹ ಮೆತ್ತನೆಯ ಹಿಕ್ಕೆಯನ್ನು ಗುದದಿಂದಲೇ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ನಾವು ಗುಡಿಸುವ ಗಟ್ಟಿ ಗುಂಡುಗಳು ಬೇರೆ. ಮೆತ್ತನೆಯ ಹಿಕ್ಕೆ ತಿನ್ನದೆ ಗೂಡಿನಡಿ ಬೀಳತೊಡಗಿದರೆ ತಿನಿಸಿನ ಸತ್ವ ಅತಿಯಾಗಿರಬಹುದೆಂದು ಅನುಮಾನಿಸಿ.

ಕಾಳು ತಿಂದರೆ ಮೈ ತುಂಬುತ್ತದೆಂಬುದು ನಮ್ಮ ನಂಬಿಕೆ. ಎತ್ತಿಗೂ ಟಗರಿಗೂ ಹಾಗೆಯೇ ಮಾಡುತ್ತೇವೆ. ಮೊಲದ ಮರಿಗೆ ಮಾತ್ರ ಇದು ಪ್ರಾಣಕ್ಕೇ ಬರುತ್ತದೆ. ಹಾಲು ಬಿಡಿಸಿದ ಹೊಸದರಲ್ಲಿ, ನಾಲ್ಕರಿಂದ ಎಂಟು ವಾರದ ಮರಿಯ ಕರುಳಿಗೆ ಹೆಚ್ಚು ಪಿಷ್ಟ ಅರಗಿಸುವ ಶಕ್ತಿ ಇರುವುದಿಲ್ಲ. ಬೊಗಸೆಗಟ್ಟಲೆ ಜೋಳದ ನುಚ್ಚು, ಮಿಕ್ಕ ರೊಟ್ಟಿ ಹಾಕಿದರೆ ಅರಗದ ಪಿಷ್ಟ ಕುರುಡು ಕರುಳಿಗಿಳಿಯುತ್ತದೆ. ಅಲ್ಲಿ ಕ್ಲಾಸ್ಟ್ರಿಡಿಯಂನಂತಹ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಉಗುಳುತ್ತವೆ. ಹೊಟ್ಟೆ ಉಬ್ಬುತ್ತದೆ, ನೀರು ಭೇದಿ ಹತ್ತುತ್ತದೆ. ಮೊಲ ವಾಂತಿಯನ್ನೂ ಮಾಡಲಾರದು. ಸಂಜೆ ಕುಣಿಯುತ್ತಿದ್ದ ಮರಿ ಬೆಳಗಾಗುವಷ್ಟರಲ್ಲಿ ಸತ್ತಿರಬಹುದು. ಒಂದು ಸೂಲಿನ ಆರೆಂಟು ಮರಿ ಹೀಗೆ ಹೋದರೆ ಸಾಕಿದವನ ಎರಡು ತಿಂಗಳ ಖರ್ಚು ನೀರುಪಾಲು.

ಕರುಳು ಓಡುತ್ತಿರಲು ನಾರು ಬೇಕು. ತಿನಿಸಿನಲ್ಲಿ ಕನಿಷ್ಠ ಶೇ. 14ರಷ್ಟು ಕಚ್ಚಾ ನಾರು ಇರಲಿ. ತೊಗರಿ ಸೀಮೆಯವರಾದ ನಮಗೆ ಇದಕ್ಕೆ ಬರವೇ? ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಬಂತು, ಹೊಟ್ಟಿಗೆ ಯಾವ ಮಾನ್ಯತೆಯೂ ಬರಲಿಲ್ಲ! ರಾಶಿಯಾದ ಮೇಲೆ ಉಳಿಯುವ ಎಲೆ, ಸಿಪ್ಪೆಗಳನ್ನು ಸೋಸಿ, ಒಣಗಿಸಿಟ್ಟರೆ ಒಳ್ಳೆಯ ಮೇವು. ಎಡೆಬಿಡದೆ ಬೆಳೆಯುವ ಹಲ್ಲು ಸವೆಯಲೂ ಒರಟು ಮೇವೇ ಬೇಕು.

ಬರೀ ಹೊಟ್ಟು ಹಾಕಿದರೆ ಮರಿ ಬದುಕೀತು, ಬೆಳೆಯದು. ಬೆಳವಣಿಗೆಗೆ ಶೇ. 16ರ ಆಸುಪಾಸು ಪ್ರೋಟೀನು ಬೇಕು. ಕುದುರೆ ಮಸಾಲೆ ಸೊಪ್ಪು, ಗೋಧಿ ಬೂಸಾ, ತುಸು ಶೇಂಗಾ ಹಿಂಡಿ ಸೇರಿಸಿ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಿಂಡಿಯನ್ನು ಮುಟ್ಟಲೇಬೇಡಿ. ಅದರಲ್ಲಿನ ಅಫ್ಲಾಟಾಕ್ಸಿನ್ ವಿಷವನ್ನು ಮೊಲದ ಯಕೃತ್ತು ತಾಳದು. ಮೇವು ಬದಲಿಸುವುದಿದ್ದರೆ ವಾರ, ಹತ್ತು ದಿನ ಹಳೆಯದರೊಂದಿಗೆ ಬೆರೆಸುತ್ತ ಬದಲಿಸಿ.

ವಾಡಿ, ಸೇಡಂ ಕಡೆ ಸುಣ್ಣದ ಕಲ್ಲಿನ ನೆಲ. ಮೊಲವೋ, ಮೇವಿನಲ್ಲಿ, ನೀರಿನಲ್ಲಿ ಸಿಕ್ಕ ಸುಣ್ಣವನ್ನು ಬೇಕು ಬೇಡ ನೋಡದೆ ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಬಿಡುತ್ತದೆ. ಮೂತ್ರ ಮಜ್ಜಿಗೆಯಂತೆ ಬೆಳ್ಳಗಿದ್ದರೆ ಗಾಬರಿ ಬೇಡ. ಗಟ್ಟಿಯಾಗಿ, ಹಿಟ್ಟಿನಂತೆ ಬಂದರೆ ವೈದ್ಯರಿಗೆ ತೋರಿಸಿ.

ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮನ್ನವನೂರಿನಲ್ಲಿ ಮೊಲ ಸಾಕುತ್ತದೆ. ಅದು ಕೊಡೈಕನಾಲ್ ಬಳಿಯ ತಂಪು ಬೆಟ್ಟ. ನಮ್ಮದು 40 ಡಿಗ್ರಿ ದಾಟುವ ಬಿಸಿಲು. 30 ಡಿಗ್ರಿ ದಾಟಿದರೆ ಮೊಲ ಮೇವು ಬಿಡುತ್ತದೆ, ಮೇವು ಬಿಟ್ಟರೆ ಕರುಳು ನಿಲ್ಲುತ್ತದೆ. ಬೇಸಿಗೆಯಲ್ಲಿ ಮೇವನ್ನು ಹೊತ್ತು ಮುಳುಗಿದ ಮೇಲೆ ಹಾಕಿ, ಹೇಗೂ ಅದು ರಾತ್ರಿ ತಿನ್ನುವ ಪ್ರಾಣಿ. ನೀರು ಸದಾ ಇರಲಿ. ಗೂಡಿನ ಮೂಲೆಯಲ್ಲಿ ನೀರು ಚಿಮುಕಿಸಿದ ಶಹಾಬಾದ್ ಕಲ್ಲಿನ ತುಂಡೊಂದನ್ನಿಡಿ, ಹೊಟ್ಟೆ ಚಾಚಿ ಅದರ ಮೇಲೇ ಮಲಗುತ್ತದೆ.

ಭೇದಿಯಾಯಿತೆಂದು ಮನೆಯಲ್ಲಿ ಉಳಿದ ಪೆನಿಸಿಲಿನ್, ಆಂಪಿಸಿಲಿನ್ ಮಾತ್ರೆ ಅರೆದು ಕುಡಿಸುವವರಿದ್ದಾರೆ. ಬಾಯಿಂದ ಕೊಟ್ಟ ಈ ಔಷಧಿಗಳು ಕುರುಡು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತವೆ, ಭೇದಿ ಇಮ್ಮಡಿಸಿ ಮೊಲ ಸಾಯುತ್ತದೆ. ನುಚ್ಚು ನಿಲ್ಲಿಸಿ, ಒಣ ಮೇವು, ನೀರು ಇಟ್ಟು, ಆ ದಿನವೇ ಪಶು ಆಸ್ಪತ್ರೆಗೆ ಒಯ್ಯಿರಿ.