ಖೋಲಿ ಜಗಳ ಸಣ್ಣದಲ್ಲ

ಕಾಲೇಜು ಶುರುವಾಯಿತೆಂದರೆ ಧಾರವಾಡದ ಓಣಿಗಳಿಗೆ ಹೊಸ ಮುಖಗಳು ಬರುತ್ತವೆ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದಂದಿನಿಂದ ಈ ಊರಿಗೆ ಇದು ರೂಢಿ. ಬಾಗಲಕೋಟೆ ಕಡೆಯ ಹುಡುಗ, ಶಿರಸಿ ಕಡೆಯ ಹುಡುಗ ಒಂದೇ ಖೋಲಿಯಲ್ಲಿ ಹಾಸಿಗೆ ಬಿಚ್ಚುತ್ತಾರೆ. ಮೊದಲ ವಾರ ‘ದೋಸ್ತ, ದೋಸ್ತ’. ದೀಪಾವಳಿ ಹೊತ್ತಿಗೆ ಮಾತಿಲ್ಲ, ಕತೆಯಿಲ್ಲ.

ಗಂಡ-ಹೆಂಡಿರ ಜಗಳ ಉಂಡು ಮಲಗೋತನಕ ಅಂತಾರೆ. ಖೋಲಿ ಗೆಳೆಯರ ಜಗಳ ಶುರುವಾಗುವುದೇ ಮಲಗುವ ಹೊತ್ತಿಗೆ! ಒಬ್ಬನಿಗೆ ಓದಲು ಲೈಟು ಬೇಕು, ಇನ್ನೊಬ್ಬನಿಗೆ ಕತ್ತಲೆ ಬೇಕು. ಒಬ್ಬ ಮೊಬೈಲು ಹಚ್ಚಿ ನಗುತ್ತಾನೆ, ಇನ್ನೊಬ್ಬನಿಗೆ ಮರುದಿನ ಪರೀಕ್ಷೆ. ನೀರು ದಿನಾ ಬಾರದ ಓಣಿಯಲ್ಲಂತೂ ಬ್ಯಾರಲ್ ತುಂಬುವವನೊಬ್ಬ, ಬರಿದು ಮಾಡುವವನಿನ್ನೊಬ್ಬ.

ನಕ್ಕು ಬಿಡುವ ಮಾತಲ್ಲ ಇದು. ನಡುವರ್ಷದಲ್ಲಿ ಖೋಲಿ ಬಿಟ್ಟವನಿಗೆ ಡಿಪಾಜಿಟ್ ವಾಪಸು ಬರುವ ಖಾತ್ರಿಯಿಲ್ಲ. ಉಳಿದವನ ತಲೆಗೆ ಇಡೀ ಬಾಡಿಗೆ. ಸಾಲ ಮಾಡಿ ಕಳಿಸಿದ ತಂದೆ ಎರಡನೇ ಡಿಪಾಜಿಟ್ ಎಲ್ಲಿಂದ ತರಬೇಕು? ಹುಡುಗಿಯರ ವಿಷಯದಲ್ಲಂತೂ ‘ಓದಿದ್ದು ಸಾಕು, ಮನೆಗೆ ಬಾ’ ಎನ್ನಲು ಕೆಲವು ಮನೆಗಳಲ್ಲಿ ಇಷ್ಟೇ ನೆವ ಸಾಕಾಗುತ್ತದೆ.

ಮದ್ದು ದುಬಾರಿಯದಲ್ಲ. ಮೊದಲ ಐತವಾರವೇ ಎದುರುಬದುರು ಕೂತು ಮಾತಾಡಬೇಕು. ಲೈಟು ಎಷ್ಟಕ್ಕೆ ಆರಬೇಕು, ನೀರು ಯಾರ ಪಾಳಿ, ಬಾಡಿಗೆ ಯಾವ ತಾರೀಖಿಗೆ, ಗ್ಯಾಸಿಗೆ ಯಾರದೆಷ್ಟು — ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಬೇಕು. ಸಿಟ್ಟು ಬಂದರೆ ಅವನಿಗೇ ಹೇಳಬೇಕು, ಖಾನಾವಳಿಯಲ್ಲಿ ನಾಲ್ಕು ಮಂದಿಗಲ್ಲ. ಸುತ್ತಿ ಬಂದ ಮಾತು ಒಂದಕ್ಕೆ ಹತ್ತಾಗಿರುತ್ತದೆ.

ದೊಡ್ಡವರ ಪಾಲೂ ಇದೆ. ಕಿರಾಣಿ ಅಂಗಡಿಯವರು ಒಬ್ಬನ ಉದ್ರಿಯನ್ನು ಇನ್ನೊಬ್ಬನ ಹೆಸರಿಗೆ ಬರೆಯಬಾರದು; ಎಷ್ಟೋ ಜಗಳದ ಬೇರು ಆ ವಹಿಯಲ್ಲೇ ಇರುತ್ತದೆ. ಖೋಲಿ ಕೊಡುವಾಗ ‘ನೀವು ಯಾವ ಮಂದಿ?’ ಎಂದು ಜಾತಿ ಕೇಳುವ ಮಾಲೀಕರು ಅದನ್ನು ಬಿಟ್ಟು, ಬಾಡಿಗೆ ಯಾರು ಯಾರು ಎಷ್ಟೆಷ್ಟು ಕೊಡುತ್ತೀರಿ ಎಂದು ಕೇಳಿದರೆ ಇಬ್ಬರಿಗೂ ಉಪಕಾರ. ಒಂದೇ ಜಾತಿ, ಒಂದೇ ತಾಲೂಕಿನವರು ಜಗಳಾಡುವುದಿಲ್ಲವೇ? ತಂದೆ-ತಾಯಿಗಳೂ ಮಗನ ಒಂದು ಫೋನಿಗೆ ‘ಗಂಟು ಕಟ್ಟು’ ಎನ್ನಬಾರದು. ‘ಅವನ ಹತ್ತಿರ ಮಾತಾಡಿದೆಯಾ?’ ಎಂದು ಮೊದಲು ಕೇಳಬೇಕು. ಹೊಡೆತ-ಬಡಿತ, ಕಳವಿನ ಮಾತು ಬೇರೆ. ಅಲ್ಲಿ ಹೊಂದಾಣಿಕೆಯ ಉಪದೇಶ ನಡೆಯದು, ಖೋಲಿ ಬಿಡಿಸುವುದೇ ಸರಿ.

ಹುಬ್ಬಳ್ಳಿ-ಧಾರವಾಡ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿಗೆ ಗುರುತಿಲ್ಲದವರೂ ‘ಸ್ವಲ್ಪ ಸರೀರಿ’ ಎಂದು ಕೇಳಿ ಕೂಡುತ್ತಾರೆ. ಮೂರು ವರ್ಷದ ಖೋಲಿಯಲ್ಲಿ ಆ ಒಂದು ಮಾತಿಗೆ ಬಾಯಿ ಯಾಕೆ ಬಾರದು?