ಹಾವಿಗೊಂದು ಮನೆ, ಮನೆಗೊಂದು ಥರ್ಮೋಸ್ಟಾಟ್

ಕಳೆದ ಅಕ್ಟೋಬರ್‌ನಲ್ಲಿ ಒಂದು ಭಾನುವಾರ ಅಮ್ಮ ಫೋನ್ ಮಾಡಿ "ರಜಾ ದಿನ ಏನ್ ಮಾಡ್ತಿದೀಯೋ?" ಅಂದ್ರು. "ಹಾವಿಗೆ ಮನೆ ಕಟ್ತಾ ಇದೀನಿ" ಅಂದೆ. ಒಂದು ಕ್ಷಣ ಆ ಕಡೆ ಸದ್ದೇ ಇಲ್ಲ. ಆಮೇಲೆ, "ಕೊಟ್ಟಿಗೇಲಿ ಕೇರೆ ಹಾವು ಕಂಡ್ರೆ ಅಟ್ಟ ಹತ್ತುತಿದ್ದೋನು ನೀನೇ ಅಲ್ವೇನೋ?" ಅಂದ್ರು. ನಿಜ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ :-)

ಹಾವು ನಂದಲ್ಲ. ನಾನಿರೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಇಬ್ಬರು ಸೇರಿ ಬಾಡಿಗೆಗೆ ಹಿಡಿದ ಮನೆಯಲ್ಲಿ. ಹಾವು ನನ್ನ ಹೌಸ್‌ಮೇಟ್‌ನದು. ಹೆಸರು ಬಿಸ್ಕೆಟ್. ರಾಯಲ್ ಪೈಥಾನ್ ಜಾತಿ, ಅಮೆರಿಕದವರು ಬಾಲ್ ಪೈಥಾನ್ ಅಂತಾರಲ್ಲ, ಅದೇ. ಮೂರೂವರೆ ಅಡಿ ಉದ್ದ, ವಿಷ ಇಲ್ಲ, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆ ಒಳಗೆ ಮುಚ್ಚಿಟ್ಟುಕೊಳ್ಳುತ್ತೆ. ಮೊದಲ ತಿಂಗಳು ನಾವಿಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡೇ ಇದ್ವಿ.

ಬಿಸ್ಕೆಟ್ ಇದ್ದಿದ್ದು ಒಂದು ಹಳೇ ಗಾಜಿನ ತೊಟ್ಟಿಯಲ್ಲಿ. ಚಳಿಗಾಲದಲ್ಲಿ ಗ್ಯಾಸ್ ಬಿಲ್ಲಿಗೆ ಹೆದರಿ ನಾವು ಮನೇನ 17 ಡಿಗ್ರಿಗೆ ಇಡ್ತಿದ್ವಿ. ಗಾಜು ಕಾವನ್ನು ಹಿಡಿದಿಡೋದಿಲ್ಲ, ಎಷ್ಟು ಬಿಸಿ ಮಾಡಿದರೂ ಸೋರಿ ಹೋಗುತ್ತೆ. ಮರ ಹಾಗಲ್ಲ. ಅದಕ್ಕೇ ಬ್ರಿಟನ್ನಿನಲ್ಲಿ ಹಾವು ಸಾಕೋರು ಮೊದಲಿಂದಲೂ ಮರದ ಪೆಟ್ಟಿಗೆಯನ್ನೇ ಇಷ್ಟಪಡ್ತಾರೆ. ಅದಕ್ಕೆ ಅವರು ಹೇಳೋ ಹೆಸರು ವಿವೇರಿಯಮ್. "ನಾವೇ ಮಾಡೋಣ, ಇಬ್ಬರೂ ಇಂಜಿನಿಯರ್‌ಗಳಲ್ವಾ" ಅಂದಿದ್ದು ನಾನು. ಈ ಲೇಖನ ಪೂರ್ತಿ ಆ ಮಾತಿನ ಬಗ್ಗೆಯೇ.

ಪೆಟ್ಟಿಗೆ ಕೆಲಸ ಚೆನ್ನಾಗೇ ಆಯ್ತು ಅಂತ ಹೇಳಿಕೊಳ್ತೀನಿ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. 18 ಮಿಲಿಮೀಟರ್ ಪ್ಲೈವುಡ್. ಒಳಗೆಲ್ಲ ನೀರಿನ ಬೇಸ್‌ನ ವಾರ್ನಿಶ್ ಮೂರು ಕೋಟ್, ವಾಸನೆ ಪೂರ್ತಿ ಹೋಗಲಿ ಅಂತ ಎರಡು ವಾರ ಖಾಲಿ ಬಿಟ್ಟಿದ್ವಿ. ಮೂಲೆಗಳಿಗೆ ಅಕ್ವೇರಿಯಮ್‌ಗೆ ಹಚ್ಚೋ ಸಿಲಿಕೋನ್, ಇಲ್ಲದಿದ್ದರೆ ನೀರಿನ ಬಟ್ಟಲು ಒಂದು ಸಲ ಮಗುಚಿದರೆ ಪ್ಲೈವುಡ್ ಉಬ್ಬಿಕೊಳ್ಳುತ್ತೆ. ಒಂದು ತುದಿಯಲ್ಲಿ ಕೆಳಗೆ, ಇನ್ನೊಂದು ತುದಿಯಲ್ಲಿ ಮೇಲೆ ಗಾಳಿಕಿಂಡಿ. ಮುಂದೆ ಅಕ್ಕಪಕ್ಕ ಸರಿಯೋ ಎರಡು ಗಾಜು, ಅವಕ್ಕೊಂದು ಬೀಗ. ಬೀಗ ಯಾಕೆ ಅಂತೀರಾ? ಹಾವಿನ ಮೂತಿ ತೂರೋವಷ್ಟು ಸಂದಿ ಸಿಕ್ಕರೆ ಸಾಕು, ಬೆಳಿಗ್ಗೆ ಅದು ನಿಮ್ಮ ಶೂ ಒಳಗಿರುತ್ತೆ.

ಇನ್ನು ಕಾವಿನ ವಿಷಯ. ಹಾವಿಗೆ ನಮ್ಮ ಹಾಗೆ ಮೈಯೊಳಗೆ ಒಲೆ ಇಲ್ಲ. ಹೊರಗಿನ ಬಿಸಿಯೇ ಅದರ ಮೈಬಿಸಿ. ಚಳಿಯಾದರೆ ತಿಂದಿದ್ದು ಅರಗೋದಿಲ್ಲ, ನುಂಗಿದ ಇಲಿಯನ್ನ ವಾಪಸ್ ಕಕ್ಕಿಬಿಡಬಹುದು. ಹಾಗಂತ ಇಡೀ ಪೆಟ್ಟಿಗೆಯನ್ನ ಒಂದೇ ಸಮ ಬಿಸಿ ಮಾಡಿದರೂ ತಪ್ಪೇ. ರಾಯಲ್ ಪೈಥಾನ್‌ಗೆ ಒಂದು ತುದಿ ಸುಮಾರು 31-32 ಡಿಗ್ರಿ, ಇನ್ನೊಂದು ತುದಿ 25ರ ಆಸುಪಾಸು ಇರಬೇಕು. ಬೇಕಾದಾಗ ಈ ಕಡೆ, ಸಾಕಾದಾಗ ಆ ಕಡೆ ಅದೇ ಹೋಗುತ್ತೆ. ಈ ಹಾವಿನ ಸ್ವಂತ ಊರು ಪಶ್ಚಿಮ ಆಫ್ರಿಕಾ, ಅಂದ್ರೆ ಘಾನಾ, ಟೋಗೋ, ಬೆನಿನ್ ಕಡೆ. ಅಲ್ಲಿ ಇವು ಹಗಲೆಲ್ಲ ಅಡಗಿರೋದು ಇಲಿ ಬಿಲಗಳಲ್ಲಿ ಮತ್ತು ಗೆದ್ದಲಿನ ಹುತ್ತಗಳಲ್ಲಿ! ಇದನ್ನ ಓದಿದಾಗ ನಂಗೆ ಯಾಕೋ ಖುಷಿಯಾಗಿತ್ತು. ನಮ್ಮೂರಲ್ಲಿ ಹಾಲೆರೆಯೋ ಹುತ್ತಾನೇ ಕಣ್ಣಮುಂದೆ ಬಂತು. ಹುತ್ತದಲ್ಲಿ ಬಿಸಿ ಹೆಚ್ಚಾದರೆ ಹಾವು ಇನ್ನೂ ಒಳಗೆ ಇಳಿಯುತ್ತೆ, ಕಡಿಮೆಯಾದರೆ ಬಾಯಿಗೆ ಬರುತ್ತೆ. ನಾವು ಕಟ್ಟೋ ಪೆಟ್ಟಿಗೆಯಲ್ಲಿ ಅದಕ್ಕೆ ಇಳಿಯೋಕೆ ಆಳ ಇಲ್ಲ. ನಾವು ಕೊಟ್ಟಷ್ಟೇ ಕಾವು, ಬಿಟ್ಟಷ್ಟೇ ಜಾಗ.

ಕಾವು ಕೊಡೋಕೆ ನಾವು ಹಾಕಿದ್ದು ಹೀಟ್ ಮ್ಯಾಟ್. ತೆಳ್ಳಗೆ ಹಾಳೆಯ ಹಾಗಿರುತ್ತೆ. ಗಾಜಿನ ತೊಟ್ಟಿಗಾದರೆ ಅಡಿಯಲ್ಲಿ ಇಡ್ತಾರೆ. ಮರದ ಪೆಟ್ಟಿಗೆಗೆ ಅಡಿಯಲ್ಲಿಟ್ಟರೆ ಕಾವು ಒಳಗೆ ಹೋಗೋದೇ ಇಲ್ಲ, ಮರದ ಕೆಳಗೇ ಸೇರಿಕೊಂಡು ಬೆಂಕಿ ಹತ್ತೋ ಅಪಾಯ. ಅದಕ್ಕೆ ಒಳಗೇ ನೆಲದ ಮೇಲೆ ಹಾಸಿ, ಮೇಲೊಂದು ಕಲ್ಲಿನ ಟೈಲ್ ಇಟ್ವಿ. ಇನ್ನು ಥರ್ಮೋಸ್ಟಾಟ್. ಸರೀಪಗಳಿಗೆ ಅಂತಲೇ ಮಾಡಿದ್ದು ಅಂಗಡಿಯಲ್ಲಿ ಸಿಗುತ್ತೆ, ಒಳ್ಳೇದಕ್ಕೆ ನಲವತ್ತು ಐವತ್ತು ಪೌಂಡ್. "ಅಷ್ಟ್ಯಾಕೆ ಕೊಡ್ತೀಯ? ಐದು ಪೌಂಡಿನ ಬೋರ್ಡು, ಒಂದು ಸೆನ್ಸರ್, ಒಂದು ರಿಲೇ. ಸಂಜೆಯೊಳಗೆ ಬರೆದು ಕೊಡ್ತೀನಿ" ಅಂದೆ. ಕೊಟ್ಟೆ ಕೂಡ. ಫೋನಿನಲ್ಲಿ ಗ್ರಾಫ್ ಬೇರೆ ಬರ್ತಿತ್ತು. ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದ್ದೆ.

ಜನವರಿಯಲ್ಲಿ ಒಂದು ಶನಿವಾರ ಇಬ್ಬರೂ ಊರಲ್ಲಿರಲಿಲ್ಲ. ಭಾನುವಾರ ಸಂಜೆ ಹೌಸ್‌ಮೇಟ್ ಬಂದು ಗಾಜು ಸರಿಸಿ ಕೈ ಹಾಕಿದವನು ತಕ್ಷಣ ಕೈ ಎಳೆದುಕೊಂಡ. ಟೈಲ್ 52 ಡಿಗ್ರಿ. ಬಿಸ್ಕೆಟ್ ಅದರ ಮೇಲೇ ಸುತ್ತಿಕೊಂಡು ಮಲಗಿತ್ತು.

ಅದೇ ಟೈಲ್ ಮೇಲೆ ಯಾಕೆ ಮಲಗಿತ್ತು, ಓಡಿ ಹೋಗಬಾರದಿತ್ತಾ ಅಂತ ನೀವು ಕೇಳ್ತೀರಿ. ನಾನೂ ಕೇಳಿದೆ. ಸಾಕಿದ ಹಾವುಗಳಿಗೆ ಆಗೋ ಗಾಯಗಳಲ್ಲಿ ಹೀಗೆ ಸುಟ್ಟುಕೊಳ್ಳೋದು ತೀರಾ ಸಾಮಾನ್ಯವಂತೆ. ಬಿಸಿ ಹುಡುಕಿಕೊಂಡು ಬಂದು ಕೂತ ಹಾವು ಚರ್ಮ ಸುಡೋವರೆಗೂ ಅಲ್ಲೇ ಇದ್ದುಬಿಡಬಹುದು. ಅದು ಕೂಗೋದಿಲ್ಲ. ನಾಯಿಯಾಗಿದ್ದರೆ ಪಕ್ಕದ ಮನೆಯವರಾದರೂ ಓಡಿ ಬರ್ತಿದ್ದರು.

ಆದದ್ದು ಇಷ್ಟೇ. ಬಿಸ್ಕೆಟ್ ಟೈಲಿನ ಪಕ್ಕ ನುಸುಳುವಾಗ ನಾನೇ ಬೆಸುಗೆ ಹಾಕಿದ್ದ ಸೆನ್ಸರ್ ವೈರ್ ಕಿತ್ತು ಬಂದಿತ್ತು. ನಾನು ಬಳಸಿದ್ದು ಹವ್ಯಾಸಿಗಳೆಲ್ಲ ಬಳಸೋ ಡಿಎಸ್18ಬಿ20 ಸೆನ್ಸರ್. ಅದನ್ನು ಓದೋ ಲೈಬ್ರರಿ, ಸೆನ್ಸರ್ ಸಿಗದಿದ್ದರೆ -127 ಅನ್ನೋ ಸಂಖ್ಯೆ ಕೊಡುತ್ತೆ. ಅದು ಉಷ್ಣಾಂಶ ಅಲ್ಲ, "ಸಂಪರ್ಕ ಇಲ್ಲ" ಅನ್ನೋದರ ಸಂಕೇತ. ಡಾಕ್ಯುಮೆಂಟೇಶನ್‌ನಲ್ಲಿ ಸ್ಪಷ್ಟವಾಗಿದೆ. ನನ್ನ ಕೋಡ್‌ನಲ್ಲಿ ಇದ್ದದ್ದು ಒಂದೇ ಸಾಲು: 31ಕ್ಕಿಂತ ಕಡಿಮೆ ಇದ್ದರೆ ಹೀಟರ್ ಆನ್. -127 ಕಡಿಮೆ ತಾನೇ? ನನ್ನ ಪ್ರೋಗ್ರಾಮ್ ಪಾಪ, ಹಾವು ಅಂಟಾರ್ಟಿಕಾದಲ್ಲಿದೆ ಅಂದುಕೊಂಡು ಇಡೀ ದಿನ ಅದನ್ನ ಬೆಚ್ಚಗಿಡೋ ಪ್ರಯತ್ನ ಮಾಡ್ತಾ ಇತ್ತು. ಆಫೀಸಿನಲ್ಲಿ ಇಂಥ ಕೋಡ್ ರಿವ್ಯೂಗೆ ಬಂದರೆ ನಾನೇ ವಾಪಸ್ ಕಳಿಸ್ತಿದ್ದೆ. ಮನೆಯಲ್ಲಿ ರಿವ್ಯೂ ಮಾಡೋರು ಯಾರು?

ಹೊಟ್ಟೆ ಕೆಳಗಿನ ಪದರೆಗಳು ಕೆಂಪಾಗಿ, ಎರಡು ದಿನಕ್ಕೆ ಬೊಬ್ಬೆ ಎದ್ದವು. ಸರೀಪಗಳನ್ನ ನೋಡೋ ವೆಟ್ ಹತ್ತಿರ ಹೋದ್ವಿ. ಸಿಲ್ವರ್ ಸಲ್ಫಡಯಾಜಿನ್ ಮುಲಾಮು, ಹಾಸಿಗೆಗೆ ಬರೀ ಪೇಪರ್ ಟವೆಲ್, ದಿನಾ ಬದಲಾಯಿಸಬೇಕು. ಮೂರು ಸಲ ಪೊರೆ ಬಿಟ್ಟ ಮೇಲೆ ಈಗ ಗಾಯ ಮಾಗಿದೆ, ಕಲೆ ಉಳಿದಿದೆ. ಹೌಸ್‌ಮೇಟ್ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟು ಕಥೆ ಹೇಳಿದ್ದು ಈ ಒಂದು ಅಭಿಪ್ರಾಯ ಹೇಳೋಕೆ. ಪೆಟ್ಟಿಗೆ ನೀವೇ ಮಾಡಿ. ಕಾವಿನ ನಿಯಂತ್ರಣ ಮಾತ್ರ ಮಾಡಬೇಡಿ, ಕೊಂಡು ತನ್ನಿ. ಅದಕ್ಕೆ ದುಡ್ಡಿಲ್ಲ ಅಂದರೆ ಹಾವು ಸಾಕಬೇಡಿ.

ಇದನ್ನ ಹೇಳೋಕೆ ನಂಗೂ ಕಷ್ಟ. ಕೈಯಾರೆ ಮಾಡೋದೇ ನಮ್ಮಂಥೋರ ಸಂತೋಷ. ಆದರೆ ಮರಗೆಲಸದ ತಪ್ಪು ಕಣ್ಣಿಗೆ ಕಾಣುತ್ತೆ. ಗಾಜು ಸರಿಯಾಗಿ ಸರಿಯೋದಿಲ್ಲ, ಮೂಲೆ ಸೊಟ್ಟಗಿರುತ್ತೆ, ಸರಿ ಮಾಡ್ತೀವಿ. ಕಾವಿನ ತಪ್ಪು ನಾವು ಮನೆಯಲ್ಲಿಲ್ಲದಾಗ ಆಗುತ್ತೆ, ಅದರ ಬೆಲೆ ತೆರೋದು ಬೇರೆ ಜೀವ. ಪೆಟ್ಟಿಗೆಯ ಮಧ್ಯೆ ನೇತುಹಾಕಿದ್ದ ಥರ್ಮಾಮೀಟರ್ ಆ ಭಾನುವಾರವೂ 28 ಅಂತಲೇ ತೋರಿಸ್ತಿತ್ತು. ಗಾಳಿಯ ಬಿಸಿ ಬೇರೆ, ಹಾವಿನ ಹೊಟ್ಟೆ ತಾಗೋ ನೆಲದ ಬಿಸಿ ಬೇರೆ.

"ಅಂಗಡಿಯ ಥರ್ಮೋಸ್ಟಾಟೂ ಕೆಡುತ್ತಲ್ಲ?" ಅಂತ ಕೇಳಬಹುದು. ಕೆಡುತ್ತೆ. ರಿಲೇ ಆನ್ ಆಗಿದ್ದಲ್ಲೇ ಅಂಟಿಕೊಳ್ಳಬಹುದು. ಅದಕ್ಕೇ ಒಂದರ ಮೇಲೆ ಭರವಸೆ ಇಡಬಾರದು. ಈಗ ನಾವು ಮಾಡಿರೋದು ಹೀಗೆ. ಮ್ಯಾಟ್ ತೆಗೆದು, ಮೇಲ್ಗಡೆ ಸಿರಾಮಿಕ್ ಹೀಟರ್ ಹಾಕಿದೀವಿ. ಅದು ಬೆಳಕು ಕೊಡೋದಿಲ್ಲ, ಕಾವು ಮಾತ್ರ. ಅದರ ಮೈ ಇನ್ನೂರು ಡಿಗ್ರಿ ದಾಟಬಹುದು. ಹಾಗಾಗಿ ಹೋಲ್ಡರ್ ಪಿಂಗಾಣಿಯದ್ದೇ ಆಗಬೇಕು, ಸುತ್ತ ತಂತಿಯ ಪಂಜರ ಇರಲೇಬೇಕು, ಇಲ್ಲದಿದ್ದರೆ ಹಾವು ಹತ್ತಿ ಅದಕ್ಕೇ ಸುತ್ತಿಕೊಳ್ಳುತ್ತೆ. ಸಿರಾಮಿಕ್‌ಗೆ ಪಲ್ಸ್ ಥರ್ಮೋಸ್ಟಾಟ್, ಬಲ್ಬ್ ಹಾಕಿದರೆ ಡಿಮ್ಮಿಂಗ್ ಥರ್ಮೋಸ್ಟಾಟ್, ಮ್ಯಾಟ್‌ಗೆ ಸಾಧಾರಣ ಆನ್-ಆಫ್ ಥರ್ಮೋಸ್ಟಾಟ್ ಸಾಕು. ನಾವು ತಂದಿದ್ದರಲ್ಲಿ ಬಿಸಿ ಮಿತಿ ಮೀರಿದರೆ ಕೂಗೋ ಅಲಾರಂ ಇದೆ. ಹಾವು ಕೂಗೋದಿಲ್ಲ, ಅದಾದರೂ ಕೂಗಲಿ. ಮತ್ತೆ, ಹೀಟರ್‌ನ ವ್ಯಾಟ್ ಅಗತ್ಯಕ್ಕಿಂತ ದೊಡ್ಡದು ತಗೋಬಾರದು. ಕಂಟ್ರೋಲ್ ಪೂರ್ತಿ ಕೈಕೊಟ್ಟರೂ ತಂಪಿನ ತುದಿಯಲ್ಲಿ ಹಾವು ಬದುಕಿರಬೇಕು, ಅಷ್ಟು ಲೆಕ್ಕ ಹಾಕಿ ತರಬೇಕು. ನನ್ನ ಬೋರ್ಡು ಈಗಲೂ ಇದೆ, ಗ್ರಾಫ್ ಬಿಡಿಸುತ್ತೆ ಅಷ್ಟೇ. ಹೀಟರ್ ಮುಟ್ಟೋ ಅಧಿಕಾರ ಅದಕ್ಕಿಲ್ಲ.

ಇಲ್ಲಿ 2006ರ ಅನಿಮಲ್ ವೆಲ್ಫೇರ್ ಆಕ್ಟ್ ಅಂತ ಒಂದು ಕಾನೂನಿದೆ. ಸಾಕಿದ ಪ್ರಾಣಿಗೆ ಸರಿಯಾದ ವಾಸಸ್ಥಳ ಒದಗಿಸೋದು, ನೋವಿನಿಂದ ಕಾಪಾಡೋದು ಸಾಕೋನ ಹೊಣೆ ಅನ್ನುತ್ತೆ. ನಾಯಿ ಬೆಕ್ಕಿಗೆ ಮಾತ್ರ ಅಲ್ಲ, ಹಾವಿಗೂ ಅನ್ವಯ. ಮೊದಲು ಓದಿದಾಗ ಸ್ವಲ್ಪ ಅತಿ ಅನ್ನಿಸಿತ್ತು. ಈಗ ಅನ್ನಿಸೋದಿಲ್ಲ.

ಇದನ್ನೋದಿ ಬೆಂಗಳೂರಲ್ಲಿ ಯಾರಿಗಾದರೂ ಆಸೆ ಹುಟ್ಟಿದರೆ ಒಂದು ಮಾತು. ನಮ್ಮ ದೇಶದ ಹಾವುಗಳನ್ನ ಹಿಡಿದು ಮನೆಯಲ್ಲಿ ಸಾಕೋದಕ್ಕೆ 1972ರ ವನ್ಯಜೀವಿ ಕಾಯ್ದೆ ಬಿಡೋದಿಲ್ಲ. ಬಾಲ್ ಪೈಥಾನ್‌ನಂಥ ಹೊರದೇಶದ ಪ್ರಾಣಿ ಇಟ್ಟುಕೊಂಡಿದ್ದರೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅಂತ 2024ರಲ್ಲಿ ನಿಯಮ ಬಂದಿದೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನಲ್ಲಿ 55 ಬಾಲ್ ಪೈಥಾನ್ ಸಿಕ್ಕಿದ್ದವು. ಸೂಟ್‌ಕೇಸಿನಲ್ಲಿ ತುಂಬಿಸಿಕೊಂಡು ಬರೋರಿಗೆ, ಅವರಿಂದ ಕೊಳ್ಳೋರಿಗೆ, ಥರ್ಮೋಸ್ಟಾಟ್ ಬಗ್ಗೆ ಏನು ಹೇಳೋದು?

ಮೊನ್ನೆ ಅಮ್ಮ ಮತ್ತೆ ಕೇಳಿದ್ರು, "ಆ ಹಾವು ಹೆಂಗಿದೆಯೋ ಈಗ? ಊಟ ಮಾಡ್ತಾ?" ಅಂತ. ಸುಟ್ಟ ವಿಷಯ ಕೇಳಿದಾಗಿನಿಂದ ಪ್ರತಿ ವಾರ ಕೇಳ್ತಾರೆ. ನನ್ನ ಊಟದ ವಿಷಯ ಆಮೇಲೆ :-) "ಹೋದ ಗುರುವಾರ ಒಂದು ಇಲಿ ತಿಂತು ಕಣಮ್ಮ" ಅಂದೆ. "ಸದ್ಯ" ಅಂದ್ರು.

ನಿಮ್ಮಲ್ಲಿ ಯಾರಾದರೂ ಹೀಗೆ ಮೀನಿಗೋ, ಆಮೆಗೋ, ಹಕ್ಕಿಗೋ ಮನೆಯಲ್ಲೇ ಏನಾದರೂ ಕಟ್ಟಿದ್ದರೆ ಬರೀರಿ. ಏನು ಸರಿ ಹೋಯ್ತು ಅನ್ನೋದಕ್ಕಿಂತ ಏನು ಕೆಟ್ಟಿತು ಅಂತ ಬರೆದರೆ ನನ್ನಂಥೋರಿಗೆ ಹೆಚ್ಚು ಉಪಯೋಗ.