ಹೆದರಿದವನು ಅವಿಶ್ವಾಸಿಯಲ್ಲ

‘ದೇವರನ್ನು ನಂಬಿದವನಿಗೆ ಹೆದರಿಕೆಯೇ ಇರಬಾರದು, ಇದ್ದರೆ ಅದು ವಿಶ್ವಾಸದ ಕೊರತೆ’ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಈ ಮಾತನ್ನು ಅವರು ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯ ದಂಡೆಯ ಮೇಲೆ ನಿಂತು ಹೇಳಲಿ. ಹೂಳು ತುಂಬಿದ ಆ ಅಳಿವೆಯಲ್ಲಿ ಮರಳದಿಬ್ಬ ಎತ್ತ ಸರಿದಿದೆ, ತೆರೆ ಎಲ್ಲಿ ಒಡೆಯುತ್ತಿದೆ ಎಂದು ಕಣ್ಣು ನೆಟ್ಟೇ ದೋಣಿ ದಾಟಿಸಬೇಕು. ಎದೆ ಡವಗುಟ್ಟುತ್ತದೆ. ಕ್ರೈಸ್ತ ಮೀನುಗಾರ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ, ಲೈಫ್ ಜಾಕೆಟ್ಟನ್ನೂ ಹಾಕಿಕೊಳ್ಳುತ್ತಾನೆ. ಇದರಲ್ಲಿ ಅವಿಶ್ವಾಸ ಎಲ್ಲಿದೆ?

ಗೆತ್ಸೆಮನೆ ತೋಟದಲ್ಲಿ ಯೇಸುವೇ ವ್ಯಾಕುಲಗೊಂಡರು. ಬರಲಿರುವ ಸಂಕಟ ತಪ್ಪಲಿ ಎಂದು ತಂದೆಯನ್ನು ಬೇಡಿದರು, ಆಮೇಲೆ ಅವನ ಚಿತ್ತಕ್ಕೆ ಒಪ್ಪಿಸಿಕೊಂಡು ಎದ್ದರು. ಸುವಾರ್ತೆ ಇದನ್ನು ಮುಚ್ಚಿಟ್ಟಿಲ್ಲ. ನಾವೇಕೆ ಮುಚ್ಚಿಡಬೇಕು?

1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದಾಗ ಹಲವರು ದಾರಿಯಲ್ಲೇ ಸತ್ತರು, ಕೆಲವರು ಹೆದರಿ ಓಡಿಹೋದರು. 1799ರ ನಂತರ ಬದುಕುಳಿದವರು ಮರಳಿ ಬಂದು, ಕೆಡವಿದ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಅವರನ್ನು ಅಲ್ಪವಿಶ್ವಾಸಿಗಳು ಎನ್ನಲು ನನಗಂತೂ ಬಾಯಿ ಬಾರದು.

ಇಂಥ ಬೋಧನೆಯ ಪೆಟ್ಟು ಬೀಳುವುದು ದುರ್ಬಲರ ಮೇಲೆ. ಭಟ್ಕಳದಲ್ಲೋ ಕುಮಟಾದಲ್ಲೋ ರಾತ್ರಿಯೆಲ್ಲ ನಿದ್ದೆ ಬಾರದೆ ಒದ್ದಾಡುವ ತಾಯಿಯೊಬ್ಬಳು ‘ನನ್ನ ವಿಶ್ವಾಸವೇ ಸರಿಯಿಲ್ಲ’ ಎಂದುಕೊಂಡು ಫಾದರ್ ಹತ್ತಿರವೂ ಹೋಗುವುದಿಲ್ಲ, ಡಾಕ್ಟರ ಹತ್ತಿರವೂ ಹೋಗುವುದಿಲ್ಲ. ಲೇಖಕರು ಅವಳಿಗೆ ಉತ್ತರ ಹೇಳಬೇಕು.